ಭಾಷಣ ಬರೆದುಕೊಡುವ ಅಂಗಡಿ, ಅರ್ಧಕ್ಕೆ ನಿಂತ ವಚನ

ಹುಬ್ಬಳ್ಳಿಯ ಪೇಟೆಯಲ್ಲಿ, ಒಂದು ಮುದ್ರಣಾಲಯದ ಮಾಳಿಗೆಯ ಮೇಲೆ ಭಾಷಣ ಬರೆದುಕೊಡುವ ಅಂಗಡಿಯೊಂದಿದೆ. ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸ್, ಮಾನಪತ್ರ ಇವುಗಳ ಜೊತೆಗೆ ಸಮಾರಂಭದ ನಿರೂಪಣೆ ಮತ್ತು ರಾಜಕೀಯ ಭಾಷಣಗಳನ್ನೂ ಅವರು ಸಿದ್ಧಪಡಿಸಿಕೊಡುತ್ತಾರೆ. ಗದಗ ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿಗೆ ಅಧ್ಯಕ್ಷೆಯಾಗಿರುವ ನನ್ನ ತಂಗಿಗಾಗಿ ಕಳೆದ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ನಾನು ಅವರಿಂದ ಮೂರು ಭಾಷಣಗಳನ್ನು ಬರೆಸಿದೆ. ಮೊದಲನೆಯದು ಸ್ವಾತಂತ್ರ್ಯ ದಿನದ್ದು, ಎರಡನೆಯದು ಗ್ರಾಮಸಭೆಯದ್ದು, ಮೂರನೆಯದು ಅವಳ ಪಕ್ಷದ ತಾಲ್ಲೂಕು ಮಟ್ಟದ ಮಹಿಳಾ ಸಮಾವೇಶದ್ದು. ಇಂಥ ಸೇವೆಯನ್ನು ಪಡೆಯಬೇಕೆಂದಿರುವ ಪಂಚಾಯತಿ ಸದಸ್ಯರು, ಸಹಕಾರ ಸಂಘದ ನಿರ್ದೇಶಕರು ನಮ್ಮ ಭಾಗದಲ್ಲಿ ಬಹಳ ಜನ ಇದ್ದಾರೆ. ನಮಗಾದ ಅನುಭವ ಅವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಹೇಳಲಿರುವ ದೋಷ ಅವರೊಬ್ಬರದಲ್ಲ.

ಧಾರವಾಡದ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದ ನಾನೇ ಭಾಷಣ ಬರೆದುಕೊಡಬಹುದಿತ್ತು. ಆದರೆ ವೇದಿಕೆಯ ಮಾತಿನ ಓಟ ಬೇರೆ, ಪಾಠದ ಓಟ ಬೇರೆ ಎಂಬುದನ್ನು ನಾವಿಬ್ಬರೂ ಬಲ್ಲೆವು. ಅದನ್ನೇ ಕಸುಬು ಮಾಡಿಕೊಂಡವರ ಕೈಯಿಂದ ಬರಲಿ ಎಂದು ತಂಗಿ ಬಯಸಿದಳು, ನಾನೂ ಒಪ್ಪಿದೆ.

ಮೊದಲು ಮೆಚ್ಚಬೇಕಾದುದನ್ನು ಮೆಚ್ಚುತ್ತೇನೆ. ಒಂದು ಭಾಷಣಕ್ಕೆ 1,200 ರೂಪಾಯಿ ಹೇಳಿದರು. ಮೂರು ಒಟ್ಟಿಗೆ ಬರೆಸಿದ್ದರಿಂದ 3,000ಕ್ಕೆ ಒಪ್ಪಿಕೊಂಡರು. ಊರಿನ ದೇವರು ಯಾವುದು, ಶಾಲೆಗೆ ಜಾಗ ದಾನ ಕೊಟ್ಟವರು ಯಾರು, ವೇದಿಕೆಯ ಮೇಲೆ ಯಾರು ಯಾರು ಇರುತ್ತಾರೆ, ಯಾರ ಹೆಸರು ಮೊದಲು ಬರಬೇಕು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಕೇಳಿ ಬರೆದುಕೊಂಡರು. ಹೇಳಿದ ಎರಡು ದಿನದಲ್ಲಿಯೇ ಮೊಬೈಲಿಗೂ ಕಳಿಸಿದರು, ಮುದ್ರಿಸಿಯೂ ಕೊಟ್ಟರು. ಅಕ್ಷರ ದೊಡ್ಡವಾಗಿದ್ದವು. ವಾಕ್ಯ ಮುಗಿಯುವ ಮೊದಲೇ ಪುಟ ಮುಗಿಯದಂತೆ ನೋಡಿಕೊಂಡಿದ್ದರು. ಹತ್ತು ನಿಮಿಷದ ಭಾಷಣವೆಂದು ಹೇಳಿದ್ದು ತಂಗಿ ಓದಿದಾಗ ಹತ್ತೂವರೆ ನಿಮಿಷಕ್ಕೆ ಮುಗಿಯಿತು. ಇಷ್ಟು ಅಚ್ಚುಕಟ್ಟಾದ ಕೆಲಸ ಈ ಬೆಲೆಗೆ ಸಿಗುವುದು ಸುಲಭವಲ್ಲ.

ನನ್ನ ತಕರಾರು ಇರುವುದು ಸೂಕ್ತಿಗಳ ವಿಷಯದಲ್ಲಿ. ಸ್ವಾತಂತ್ರ್ಯ ದಿನದ ಭಾಷಣದ ಐದು ಪುಟಗಳಲ್ಲಿ ನಾನು ಎಣಿಸಿದಂತೆ ಹದಿನಾಲ್ಕು ಗಾದೆ, ವಚನ ಮತ್ತು ಮಹಾಪುರುಷರ ನುಡಿಗಳಿದ್ದವು. ಪ್ರತಿ ಪ್ಯಾರಾದ ತಲೆಗೆ ಒಂದು, ಕಾಲಿಗೆ ಒಂದು ಎಂಬಂತೆ ಅವು ಕುಳಿತಿದ್ದವು. ನಡುವೆ ಉಳಿದ ಜಾಗದಲ್ಲಿ ಊರಿನ ವಿಷಯ ಹೇಳಲು ಎರಡು ಮೂರು ವಾಕ್ಯಗಳಿಗಿಂತ ಹೆಚ್ಚಿಗೆ ಹಿಡಿಯುತ್ತಿರಲಿಲ್ಲ.

ಸೂಕ್ತಿಯಿಲ್ಲದ ರಾಜಕೀಯ ಭಾಷಣ ಬೇಕೆಂದು ನಾನು ಹೇಳುತ್ತಿಲ್ಲ. ಭಾಷಣದಲ್ಲಿ ಸೂಕ್ತಿಗೆ ಇರುವ ಕೆಲಸ ದೊಡ್ಡದು. ಕಿವಿಯಿಂದ ಕೇಳಿದ ಮಾತು ಪುಟ ಹಿಂದೆ ತಿರುವಿ ನೋಡಲು ಸಿಗುವುದಿಲ್ಲ. ಒಮ್ಮೆ ಕೇಳಿದಾಗಲೇ ಅದು ಮನಸ್ಸಿನಲ್ಲಿ ನಿಲ್ಲಬೇಕು. ಎರಡು ಕಡೆ ಸಮತೂಕದಲ್ಲಿ ನಿಂತ, ಪ್ರಾಸದಿಂದ ಬಿಗಿಯಾದ ಮಾತು ಹಾಗೆ ನಿಲ್ಲುತ್ತದೆ. ‘ಹನಿ ಹನಿ ಕೂಡಿದರೆ ಹಳ್ಳ’ ಎಂದು ಅರ್ಧ ಹೇಳುವಷ್ಟರಲ್ಲಿಯೇ ‘ತೆನೆ ತೆನೆ ಕೂಡಿದರೆ ಬಳ್ಳ’ ಎಂಬುದು ಕೇಳುವವರ ನಾಲಿಗೆಯ ತುದಿಗೆ ಬಂದಿರುತ್ತದೆ. ಆ ಕ್ಷಣದಲ್ಲಿ ಮಾತನಾಡುವವರೂ ಕೇಳುವವರೂ ಒಂದೇ ವಾಕ್ಯದೊಳಗೆ ಇರುತ್ತಾರೆ. ಮಾತು ಎಲ್ಲಿ ಮುಗಿಯುತ್ತದೆ ಎಂಬುದು ಎಲ್ಲರಿಗೂ ಒಟ್ಟಿಗೆ ಗೊತ್ತಾಗುವುದರಿಂದ ಚಪ್ಪಾಳೆಯೂ ಒಟ್ಟಿಗೆ ಬೀಳುತ್ತದೆ. 1965ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೊಟ್ಟ ‘ಜೈ ಜವಾನ್, ಜೈ ಕಿಸಾನ್’ ಇಂದಿಗೂ ಉಳಿದಿರುವುದು ಇದರಿಂದಲೇ: ಗಡಿಯಲ್ಲಿ ಯುದ್ಧವಿದ್ದ, ಊಟಕ್ಕೆ ಧಾನ್ಯದ ಕೊರತೆಯಿದ್ದ ಒಂದು ಕಾಲದ ಎರಡು ಚಿಂತೆಗಳನ್ನು ಅದು ನಾಲ್ಕು ಪದಗಳಲ್ಲಿ ಜೋಡಿಸಿತು.

ಗಾದೆಗೆ ಇನ್ನೂ ಒಂದು ಬಲವಿದೆ. ಅದನ್ನು ಹೇಳಿದವರು ಯಾರೆಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಅದು ಎಲ್ಲರ ಮಾತು. ಹಾಗೆಂದು ಎಲ್ಲರ ಬಾಯಿಗೂ ಅದು ಒಂದೇ ಹದದಲ್ಲಿ ಹೊಂದುವುದಿಲ್ಲ. ಗ್ರೀಸಿನ ಅರಿಸ್ಟಾಟಲ್ ಭಾಷಣ ಕಲೆಯ ಬಗ್ಗೆ ಬರೆಯುತ್ತ, ಸೂಕ್ತಿ ಹೇಳುವುದು ವಯಸ್ಸಾದವರಿಗೆ ಒಪ್ಪುತ್ತದೆ, ಅದೂ ತಮಗೆ ಅನುಭವವಿರುವ ವಿಷಯದಲ್ಲಿ ಎಂದು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಹೇಳಿದ್ದಾನೆ. ಅಂಗಡಿಯವರು ನನ್ನ ತಂಗಿಯ ಬಾಯಿಗೆ ಹಾಕಿದ್ದ ಹದಿನಾಲ್ಕು ನುಡಿಗಳಲ್ಲಿ ಅವಳ ಅನುಭವಕ್ಕೆ ತಾಗಿದ್ದು ಎರಡೋ ಮೂರೋ.

ಒಂದನ್ನು ಅವಳೇ ಹಿಡಿದಳು. ಸ್ವಾತಂತ್ರ್ಯ ದಿನದ ಹಿಂದಿನ ಸಂಜೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ, ಮೊರದ ಪಕ್ಕದಲ್ಲಿ ಹಾಳೆಗಳನ್ನು ಇಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ‘ದೇಶ ನಿಮಗೆ ಏನು ಮಾಡಿತು ಎಂದು ಕೇಳಬೇಡಿ, ದೇಶಕ್ಕೆ ನೀವು ಏನು ಮಾಡಿದಿರಿ ಎಂದು ಕೇಳಿಕೊಳ್ಳಿ’ ಎಂಬ ಸಾಲು ಬಂದಾಗ ನಿಂತಳು.

“ಅಣ್ಣಾ, ಇದನ್ನ ನಾ ಹೆಂಗ ಹೇಳ್ಲಿ? ಹರಿಜನ ಕೇರಿಗೆ ನಳದ ನೀರ ಎಂಟ ದಿನಕ್ಕೊಮ್ಮಿ ಬರ್ತಾವ. ಅವರ ಮುಂದ ನಿಂತು, ಏನ್ ಮಾಡೀರಿ ಅಂತ ಕೇಳಬ್ಯಾಡ್ರಿ ಅನ್ಲೇನು?”

ಅದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ 1961ರ ಜನವರಿ 20ರಂದು ಅಧಿಕಾರ ಸ್ವೀಕರಿಸುವಾಗ ಆಡಿದ ಮಾತು. ಅಲ್ಲಿ, ಆ ದಿನ, ಆ ಕೇಳುಗರಿಗೆ ಅದಕ್ಕೊಂದು ಅರ್ಥವಿತ್ತು. ನಮ್ಮ ಊರಿನ ಶಾಲೆಯ ಅಂಗಳದಲ್ಲಿ ಪಂಚಾಯತಿ ಅಧ್ಯಕ್ಷೆಯೇ ಅದನ್ನು ಹೇಳಿದರೆ, ಕೇಳುವ ಹಕ್ಕಿರುವವರ ಬಾಯಿಗೆ ಕೈ ಅಡ್ಡ ಹಿಡಿದಂತೆ ಆಗುತ್ತದೆ. ಮೂರು ದಶಕ ಪಾಠ ಹೇಳಿದ ನನಗೆ ಆ ಸಾಲು ಓದಿದಾಗ ಏನೂ ಅನಿಸಿರಲಿಲ್ಲ; ಚೆನ್ನಾಗಿದೆ ಎಂದೇ ಮುಂದೆ ಹೋಗಿದ್ದೆ. ನೀರಿನ ಸರದಿಯ ಲೆಕ್ಕ ದಿನವೂ ತಲೆಯಲ್ಲಿ ಇಟ್ಟುಕೊಂಡವಳಿಗೆ ಅದು ತಕ್ಷಣ ಚುಚ್ಚಿತು. ಅವಳು ಪೆನ್ಸಿಲಿನಿಂದ ಅಡ್ಡಗೆರೆ ಎಳೆದಳು.

ಮೂಲ ಹೇಳುವುದರಲ್ಲಿಯೂ ತಪ್ಪುಗಳಿದ್ದವು. ‘ಕಾಯಕವೇ ಕೈಲಾಸ’ ಎಂಬುದನ್ನು ಬಸವಣ್ಣನವರ ವಚನವೆಂದು ಬರೆದಿದ್ದರು. ರಾಜ್ಯದ ಎಷ್ಟೋ ವೇದಿಕೆಗಳಲ್ಲಿ ಹಾಗೆಯೇ ಹೇಳುತ್ತಾರೆ. ಆದರೆ ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾದಡೆ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತಿದ್ದರೂ ಹಂಗು ಹರಿಯಬೇಕು, ಏಕೆಂದರೆ ಕಾಯಕವೇ ಕೈಲಾಸ ಎಂದು ಅವನು ಹೇಳುತ್ತಾನೆ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನ ಮಾತು ಅದು ಎಂದು ಗೊತ್ತಾದಾಗ ಅದರ ತೂಕವೇ ಬದಲಾಗುತ್ತದೆ. ಒಂದು ದಿನ ಅವನು ಹೆಚ್ಚು ಅಕ್ಕಿ ತಂದಾಗ ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಹೆಂಡತಿ ಲಕ್ಕಮ್ಮ ತಡೆದು ಕೇಳಿದ್ದು ಅವಳ ವಚನದಲ್ಲಿದೆ. ಮಹಿಳಾ ಸಮಾವೇಶದಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಮಾತು ಎಲ್ಲಿ ಸಿಗುತ್ತದೆ? ಮಾರಯ್ಯನ ಹೆಸರು ಅಳಿಸಿದಾಗ ಲಕ್ಕಮ್ಮನೂ ಅವನ ಜೊತೆಗೇ ಹೊರಗೆ ಹೋದಳು.

ಅಂಬೇಡ್ಕರರ ನುಡಿಯನ್ನು ‘ಶಿಕ್ಷಣ, ಸಂಘಟನೆ, ಹೋರಾಟ’ ಎಂದು ಕೊಟ್ಟಿದ್ದರು. 1942ರಲ್ಲಿ ನಾಗಪುರದಲ್ಲಿ ಅವರು ಹೇಳಿದ್ದು ಶಿಕ್ಷಿತರಾಗಿ, ಹೋರಾಡಿ, ಸಂಘಟಿತರಾಗಿ ಎಂಬ ಕ್ರಮದಲ್ಲಿ. ಹೋರಾಟವನ್ನು ಕೊನೆಗೆ ತಳ್ಳಿದ ಕ್ರಮ ನಮ್ಮ ಗೋಡೆಬರಹಗಳಲ್ಲಿ ಎಷ್ಟು ರೂಢಿಯಾಗಿದೆಯೆಂದರೆ ಅಂಗಡಿಯವರನ್ನು ಇದಕ್ಕಾಗಿ ಹೆಚ್ಚು ದೂರುವಂತಿಲ್ಲ. ‘ನೀವು ಬಯಸುವ ಬದಲಾವಣೆ ನೀವೇ ಆಗಿರಿ’ ಎಂಬುದನ್ನು ಗಾಂಧೀಜಿಯವರ ಹೆಸರಿನಲ್ಲಿ ಹಾಕಿದ್ದರು. ನಾವು ಬದಲಾದರೆ ಜಗತ್ತಿನ ಪ್ರವೃತ್ತಿಗಳೂ ಬದಲಾಗುತ್ತವೆ ಎಂಬ ಅರ್ಥದ ಮಾತನ್ನು ಅವರು 1913ರಲ್ಲಿ ಬರೆದಿದ್ದರು. ಫ್ಲೆಕ್ಸಿಗೆ ಹೊಂದುವ ಚಿಕ್ಕ ರೂಪವನ್ನು ಬೇರೆಯವರು ಕಟ್ಟಿದ್ದಾರೆ.

ಇವೆಲ್ಲ ತಿದ್ದಿಕೊಳ್ಳಬಹುದಾದ ತಪ್ಪುಗಳು. ನನ್ನನ್ನು ಹೆಚ್ಚು ಕಾಡಿದ್ದು ಗ್ರಾಮಸಭೆಯ ಭಾಷಣ.

ಆ ಭಾಷಣ ಬಸವಣ್ಣನವರ ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಂಬ ವಚನದಿಂದ ಆರಂಭವಾಗುತ್ತಿತ್ತು. ಮುತ್ತಿನ ಹಾರ, ಮಾಣಿಕ್ಯದ ದೀಪ್ತಿ, ಸ್ಫಟಿಕದ ಶಲಾಕೆ, ಲಿಂಗ ಮೆಚ್ಚಿ ಅಹುದಹುದೆನಬೇಕು, ಈ ನಾಲ್ಕು ಸಾಲುಗಳನ್ನು ಬರೆದು, ಅಲ್ಲಿಗೆ ನಿಲ್ಲಿಸಿ, ‘ಎಂಬ ಅಣ್ಣನ ವಾಣಿಯಂತೆ ನಮ್ಮ ಪಂಚಾಯತಿ ನಡೆದು ಬಂದಿದೆ’ ಎಂದು ಮುಂದುವರಿಸಿದ್ದರು. ಸ್ವಾತಂತ್ರ್ಯ ದಿನದ ಭಾಷಣವನ್ನು ತಿದ್ದುವುದರಲ್ಲಿ ಮುಳುಗಿದ್ದ ನಾನು ಇದನ್ನು ಸರಿಯಾಗಿ ನೋಡಿರಲಿಲ್ಲ. ನೋಡಬೇಕಾಗಿತ್ತು.

ಗ್ರಾಮಸಭೆ ಸೇರಿದ್ದು ಅಗಸಿಯ ಹತ್ತಿರದ ಗುಡಿಯ ಮುಂದೆ. ತಗಡಿನ ನೆರಳಿನಲ್ಲಿ ಚಾಪೆ ಹಾಸಿದ್ದರು. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ಕ್ರಿಯಾ ಯೋಜನೆಯ ಕಡತ ಹಿಡಿದು ಕುಳಿತಿದ್ದರು. ತಂಗಿ ನಾಲ್ಕು ಸಾಲು ಚೆನ್ನಾಗಿಯೇ ಹೇಳಿದಳು. ಹಿಂದೆ ಕುಳಿತ ಹುಡುಗರು ಚಪ್ಪಾಳೆಯನ್ನೂ ತಟ್ಟಿದರು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ, ಮಠದ ಭಜನೆಯಲ್ಲಿ ದಿನವೂ ವಚನ ಹಾಡುವ ಒಬ್ಬ ಅಜ್ಜಿ ಸೆರಗು ಸರಿಪಡಿಸಿಕೊಂಡು ಮೇಲೆ ನೋಡಿದಳು.

“ಪೂರಾ ಹೇಳವಾ ತಂಗಿ. ಅರ್ಧಾಕ್ಕ ಯಾಕ ಬಿಟ್ಟಿ?”

ಅಜ್ಜಿ ಕಾಯಲಿಲ್ಲ. ತಾನೇ, ಹಾಡುವ ದನಿಯಲ್ಲಿ, ‘ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವನೆಂತೊಲಿವನಯ್ಯಾ’ ಎಂದು ಮುಗಿಸಿದಳು. ಜೊತೆಗೆ ಇನ್ನೂ ನಾಲ್ಕೈದು ಹೆಂಗಸರು ದನಿಗೂಡಿಸಿದರು. ಅದು ಮುಗಿದ ಮೇಲೆ ಅವಳು ಅದೇ ದನಿಯಲ್ಲಿ, ಹೋದ ಸಭೆಯಲ್ಲಿ ತನ್ನ ಓಣಿಗೆ ಮಾಡಿಸಿಕೊಡುತ್ತೇವೆಂದಿದ್ದ ಗಟಾರ ಏನಾಯಿತು ಎಂದು ಕೇಳಿದಳು. ಅವಳ ಮಾತಿನಲ್ಲಿ ಹಂಗಿಸುವ ಉದ್ದೇಶವಿರಲಿಲ್ಲ. ವಚನದ ಕೊನೆಯ ಸಾಲು ಕೇಳುವ ಪ್ರಶ್ನೆಯನ್ನೇ ಅವಳು ಕೇಳಿದ್ದಳು.

ಆ ವಚನದ ಕಟ್ಟಡವೇ ಹಾಗಿದೆ. ಮೊದಲ ನಾಲ್ಕು ಸಾಲುಗಳು ಒಂದರ ಮೇಲೊಂದು ಏರುತ್ತ ಹೋಗಿ ಮಾತಿನ ಬೆಲೆಯನ್ನು ಹೇಳುತ್ತವೆ. ಕೊನೆಯ ಸಾಲು ಆ ಏಣಿಯನ್ನು ಮಾತನಾಡುವವನ ನಡತೆಗೆ ತಂದು ಒರಗಿಸುತ್ತದೆ. ಅದನ್ನು ತೆಗೆದರೆ ಉಳಿಯುವುದು ಭಾಷಣ ಮಾಡುವವರ ಮಾತಿಗೇ ಹೊಗಳಿಕೆ. ರಾಜಕೀಯ ವೇದಿಕೆಗಳಲ್ಲಿ ಈ ವಚನ ಕೊನೆಯ ಸಾಲಿಲ್ಲದೆ ಓಡಾಡುವುದನ್ನು ನಾನು ಬಹಳ ವರ್ಷಗಳಿಂದ ಕೇಳುತ್ತಿದ್ದೇನೆ. ಸರ್ವಜ್ಞನಿಗೂ ಇದೇ ಗತಿ. ಹಾವೇರಿ ಜಿಲ್ಲೆಯ ಅಬಲೂರು, ಮಾಸೂರುಗಳ ಜನ ತಮ್ಮವನೆಂದು ಹೇಳಿಕೊಳ್ಳುವ ಆ ಕವಿಯ ‘ಕೋಟಿ ವಿದ್ಯೆಗಳಲ್ಲಿ ಮೇಟಿ ವಿದ್ಯೆಯೇ ಮೇಲು’ ಎಂಬ ಸಾಲು ರೈತರ ಪ್ರತಿಯೊಂದು ಸಮಾವೇಶದ ಫ್ಲೆಕ್ಸಿನ ಮೇಲೆ ಇರುತ್ತದೆ. ಮೇಟಿ ನಡೆಯದಿದ್ದರೆ ‘ದೇಶದಾಟವೇ ಕೆಡಗು’ ಎಂಬ ಎಚ್ಚರಿಕೆ ಅದೇ ತ್ರಿಪದಿಯಲ್ಲಿದೆ. ಬೆಳೆಗೆ ಬೆಲೆ ಇಲ್ಲದೆ ರೈತ ಕುಸಿದಾಗ ಅಧಿಕಾರದಲ್ಲಿದ್ದವರು ಕೇಳಬೇಕಾದ ಸಾಲು ಅದು. ಫ್ಲೆಕ್ಸಿನ ಮೇಲೆ ಅದಕ್ಕೆ ಜಾಗವಿರುವುದಿಲ್ಲ. ಕಾಗಿನೆಲೆಯ ಕನಕದಾಸರ ‘ಕುಲ ಕುಲ ಕುಲವೆಂದು ಹೊಡೆದಾಡದಿರಿ’ ಎಂಬಲ್ಲಿಗೆ ಮಾತು ನಿಲ್ಲಿಸಿ, ‘ನಿಮ್ಮ ಕುಲದ ನೆಲೆಯನೇನಾದರೂ ಬಲ್ಲಿರಾ’ ಎಂದು ಎದೆಗೆ ನೇರವಾಗಿ ಕೇಳುವ ಪ್ರಶ್ನೆಯನ್ನು ಬಿಡುವುದೂ ಇದೇ ರೂಢಿ. ಉಪದೇಶ ಉಳಿಯುತ್ತದೆ, ಪ್ರಶ್ನೆ ಹೋಗುತ್ತದೆ.

ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ, ಓದಿ, ತಿದ್ದಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚಿಗೆ ತಂದ ನೆಲ ಇದು. ಇಲ್ಲಿ ಕುಳಿತು ವಚನವನ್ನು ಅರ್ಧಕ್ಕೆ ಕತ್ತರಿಸಿ ಮಾರುವುದನ್ನು ನೋಡಿ ನನಗೆ ನಿಜವಾಗಿ ನೋವಾಯಿತು. ಮರುವಾರವೇ ಹುಬ್ಬಳ್ಳಿಗೆ ಹೋದೆ.

ಅಂಗಡಿಯವರು ನನ್ನ ಮಾತನ್ನು ಪೂರ್ತಿ ಕೇಳಿದರು, ಇದನ್ನು ಒತ್ತಿ ಹೇಳಬೇಕು. ಸಿಟ್ಟಾಗಲಿಲ್ಲ, ತಳ್ಳಿಹಾಕಲಿಲ್ಲ. ಕಂಪ್ಯೂಟರಿನಲ್ಲಿ ತಮ್ಮ ಸಂಗ್ರಹವನ್ನು ತೆರೆದು ತೋರಿಸಿದರು. ಮಹಿಳೆ, ಯುವಕರು, ರೈತರು, ಸಹಕಾರ, ಶ್ರದ್ಧಾಂಜಲಿ ಎಂದು ವಿಭಾಗಗಳಿದ್ದವು. ಒಂದೊಂದರಲ್ಲಿಯೂ ನೂರಾರು ನುಡಿಗಳು. ಬಹುಪಾಲು ಮೊಬೈಲಿಗೆ ಬೆಳಿಗ್ಗೆ ಬರುವ ಶುಭೋದಯದ ಚಿತ್ರಗಳಿಂದ ಇಳಿಸಿಕೊಂಡವು ಎಂದು ಅವರೇ ಹೇಳಿದರು. ಕೊನೆಯ ಸಾಲನ್ನು ಏಕೆ ಬಿಟ್ಟಿರೆಂದು ಕೇಳಿದಾಗ ಅವರು ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು.

“ಸರ್, ಅಹುದಹುದು ಅಂದ ಕೂಡ್ಲೆ ಚಪ್ಪಾಳಿ ಬೀಳ್ತಾವ್ರಿ. ಮುಂದಿಂದು ಹೇಳಿದ್ರ ಮಂದಿ ಸುಮ್ನ ಆಗ್ತಾರ. ನಮ್ಮ ಗಿರಾಕಿಗೋಳು ಅದನ್ನ ತಗೀರಿ ಅಂತಾರ್ರಿ.”

ಜನ ಸುಮ್ಮನಾಗುತ್ತಾರೆ ಎಂಬುದು ನಿಜವಿರಬಹುದು. ನಮ್ಮ ಸಭೆಯಲ್ಲಿಯೂ ಅಜ್ಜಿ ಮುಗಿಸಿದ ಮೇಲೆ ಒಂದು ಗಳಿಗೆ ಯಾರೂ ಮಾತನಾಡಲಿಲ್ಲ. ಆದರೆ ಆ ಮೌನದಲ್ಲಿ ಎಲ್ಲರೂ ಅಧ್ಯಕ್ಷೆಯ ಮುಖವನ್ನೇ ನೋಡುತ್ತಿದ್ದರು. ಗಟಾರದ ಕೆಲಸ ಏಕೆ ನಿಂತಿದೆ, ಅಂದಾಜು ಪಟ್ಟಿ ಯಾರ ಮೇಜಿನ ಮೇಲಿದೆ ಎಂದು ಅವಳು ಹೇಳಿದ ಪ್ರತಿಯೊಂದು ಮಾತನ್ನೂ ಕಿವಿಗೊಟ್ಟು ಕೇಳಿದರು. ಇಡೀ ಭಾಷಣದಲ್ಲಿ ಅಷ್ಟು ಗಮನವಿಟ್ಟು ಕೇಳಿದ ಭಾಗ ಬೇರೊಂದಿರಲಿಲ್ಲ, ಮತ್ತು ಅದು ಹಾಳೆಯ ಮೇಲೆ ಇರಲೂ ಇಲ್ಲ. ಇದನ್ನು ನಾನು ಅಂಗಡಿಯವರಿಗೂ ಹೇಳಿದೆ.

ಮೂರನೆಯ ಭಾಷಣವನ್ನು ಅವರು ಬೇರೆ ಹಣ ಕೇಳದೆ ಮತ್ತೆ ಬರೆದುಕೊಟ್ಟರು. ಹದಿಮೂರು ಸೂಕ್ತಿಗಳಿದ್ದ ಜಾಗದಲ್ಲಿ ಮೂರು ಉಳಿದವು. ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂಬ ಸವೆದ ಮಾತನ್ನು ತೆಗೆಸಿ, ಸ್ವಸಹಾಯ ಸಂಘಗಳ ವಿಷಯ ಬರುವಲ್ಲಿ ಹನಿ ಹಳ್ಳದ ಗಾದೆಯನ್ನು ಇಡಿಸಿದೆ. ಅದರ ಬೆನ್ನಿಗೆ, ನಮ್ಮ ಗದಗ ತಾಲ್ಲೂಕಿನದೇ ಆದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ವಿಷಯವನ್ನು ಎರಡು ವಾಕ್ಯಗಳಲ್ಲಿ ಸೇರಿಸಲು ಹೇಳಿದೆ. ಇಷ್ಟು ಹತ್ತಿರದ ಉದಾಹರಣೆ ಅವರ ಸಂಗ್ರಹದ ಸಹಕಾರ ವಿಭಾಗದಲ್ಲಿ ಇರಲಿಲ್ಲ. ಸಮಾವೇಶದ ದಿನ ತಂಗಿ ಆ ಗಾದೆ ಹೇಳಿ ಕಣಗಿನಹಾಳದ ಹೆಸರೆತ್ತಿದಾಗ, ಆ ಊರಿನಿಂದ ಬಂದಿದ್ದ ಹೆಂಗಸರು ಕುಳಿತಲ್ಲಿಂದಲೇ ಕೈ ಎತ್ತಿದರು. ಆಯ್ದಕ್ಕಿ ಲಕ್ಕಮ್ಮನ ಪ್ರಶ್ನೆಯನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಅದಕ್ಕೆ ಚಪ್ಪಾಳೆ ಕಡಿಮೆಯೇ ಬಿತ್ತು. ಆದರೆ ಊಟದ ಹೊತ್ತಿನಲ್ಲಿ ಮೂರು ಜನ ಬಂದು, ಆ ವಚನವನ್ನು ಬರೆದುಕೊಡಿರಿ ಎಂದು ಕೇಳಿದರು.

ಒಟ್ಟಿನಲ್ಲಿ ಈ ಸೇವೆಯನ್ನು ನಾನು ಬೇಡವೆನ್ನುವುದಿಲ್ಲ. ಕ್ರಮ, ಸಮಯ, ಅಕ್ಷರ, ಗೌರವದ ಸಂಬೋಧನೆಗಳು, ಇವುಗಳಲ್ಲಿ ಅವರ ಕೈ ಪಳಗಿದೆ. ಹೊಸದಾಗಿ ಆಯ್ಕೆಯಾಗಿ ಮೈಕಿನ ಮುಂದೆ ನಿಲ್ಲಲು ಅಂಜುವ ಹೆಣ್ಣುಮಕ್ಕಳಿಗೆ ಕೈಯಲ್ಲಿ ಒಂದು ಅಚ್ಚುಕಟ್ಟಾದ ಹಾಳೆ ಇರುವುದು ಎಷ್ಟು ದೊಡ್ಡ ಧೈರ್ಯ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಹಾಳೆ ಕೈಗೆ ಬಂದ ಮೇಲೆ ಪ್ರತಿಯೊಂದು ವಚನದ ಪೂರ್ತಿ ಪಾಠವನ್ನು ಊರಿನಲ್ಲಿ ಬಲ್ಲವರೊಬ್ಬರಿಂದ ಕೇಳಿ ತಿಳಿದುಕೊಳ್ಳಿರಿ, ಬಿಟ್ಟ ಸಾಲು ಏನು ಹೇಳುತ್ತದೆಂದು ನೋಡಿರಿ. ಪರದೇಶದ ನಾಯಕರ ಮಾತು ಬಂದರೆ, ಅದನ್ನು ನಿಮ್ಮ ಓಣಿಯಲ್ಲಿ ನಿಂತು ಹೇಳಬಹುದೇ ಎಂದು ಒಮ್ಮೆ ಗಟ್ಟಿಯಾಗಿ ಓದಿ ನೋಡಿರಿ. ಹತ್ತು ನಿಮಿಷದ ಮಾತಿಗೆ ಮೂರಕ್ಕಿಂತ ಹೆಚ್ಚು ಸೂಕ್ತಿ ಬೇಡವೆಂದು ಮೊದಲೇ ಹೇಳಿರಿ. ಹೇಳಿದರೆ ಅವರು ಕೇಳುತ್ತಾರೆ.

ನವೆಂಬರ್ 1ರ ರಾಜ್ಯೋತ್ಸವದ ಭಾಷಣವನ್ನೂ ಅವರಿಗೇ ಕೊಟ್ಟಿದ್ದೇವೆ. ಸೂಕ್ತಿಗಳ ಜಾಗವನ್ನು ಖಾಲಿ ಬಿಡಿರಿ, ತಂಗಿಯೂ ಆ ಅಜ್ಜಿಯೂ ಕೂಡಿ ಅದನ್ನು ತುಂಬುತ್ತಾರೆ ಎಂದು ಹೇಳಿ ಬಂದೆ. ಅದಕ್ಕಾಗಿ ಅವರು 1,200 ರೂಪಾಯಿಯಲ್ಲಿ ಇನ್ನೂರು ಕಡಿಮೆ ಮಾಡಿಕೊಂಡರು.